ಗ್ರೀಸ್ ಒರೆಸಿ ಕುಂಕುಮ ಇಟ್ಟವಳು

ಕಾರಿನ ಕೆಳಗೆ ಮಲಗುವಾಗ ಸೀರೆಯ ಸೆರಗನ್ನು ಎಲ್ಲಿ ಸಿಕ್ಕಿಸಿಕೊಳ್ಳಬೇಕು ಎಂದು ಯಾವ ಸರ್ವಿಸ್ ಮ್ಯಾನ್ಯುಯಲ್‌ನಲ್ಲೂ ಬರೆದಿಲ್ಲ. ನಾನು ಹುಡುಕಿ ನೋಡಿದ್ದೇನೆ. ಸೊಂಟಕ್ಕೆ ಸಿಕ್ಕಿಸಿದರೆ ಜ್ಯಾಕಿಗೆ ತಗಲುತ್ತದೆ, ತಲೆಗೆ ಸುತ್ತಿಕೊಂಡರೆ ಕಣ್ಣಿಗೆ ಜಾರುತ್ತದೆ. ನಮ್ಮವರ ಹಳೆಯ ಬ್ಯಾಂಕ್ ಶರ್ಟನ್ನು ಸೀರೆಯ ಮೇಲೆ ತೊಟ್ಟು ಕತ್ತಿನವರೆಗೆ ಗುಂಡಿ ಹಾಕಿಕೊಳ್ಳುವುದೇ ಸರಿಯಾದ ಮೆಥಡ್ ಎಂದು ನನಗೆ ಗೊತ್ತಾದಾಗ ವಯಸ್ಸು ನಲವತ್ತು ದಾಟಿತ್ತು.

ನನ್ನ ತಂಗಿಯ ಮೊಮ್ಮಗಳು ಅನನ್ಯಾ ಈಗ ಒಂದು ದೊಡ್ಡ ಕಾರ್ ಸರ್ವಿಸ್ ಸೆಂಟರಿಗೆ ಸೇರಿದ್ದಾಳೆ. "ಅಜ್ಜಿ, ನಿಮ್ಮ ಕಾಲದಲ್ಲಿ ಹೇಗಿತ್ತು ಅಂತ ಬರೆದುಕೊಡಿ. ಆದರೆ ಆನೆಸ್ಟ್ ಆಗಿ. ಫೇರ್‌ವೆಲ್ ಸ್ಪೀಚ್ ಥರ ಬೇಡ" ಎಂದಳು. ಅವಳ ಜೊತೆ ಸೇರಿದ ಹುಡುಗಿಯರೂ ಓದುತ್ತಾರಂತೆ. ಆನೆಸ್ಟ್ ಆಗಿ ಬರೆದರೆ ನನ್ನ ಮರ್ಯಾದೆ ಹೋಗುತ್ತದೆ. ಆದರೆ ರಿಟೈರ್ ಆಗಿ ಇಷ್ಟು ವರ್ಷವಾದ ಮೇಲೆ ಅದನ್ನು ಉಳಿಸಿಕೊಂಡು ಮಾಡುವುದಾದರೂ ಏನು?

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ಕಲಿಸಿದ್ದು ಮೂರು: ನೆಟ್ಟಗೆ ಕೂರುವುದು, ದುಂಡಗೆ ಬರೆಯುವುದು, ಎಲ್ಲವನ್ನೂ ಉಜ್ಜಿ ತೊಳೆಯುವುದು. ನನ್ನ ಜೀವನದ ಮುಖ್ಯ ಅನಾಹುತಗಳೆಲ್ಲ ಈ ಮೂರನೆಯದರಿಂದ ಆದವು. ಎಂಬತ್ತರ ದಶಕದ ಮೊದಲಲ್ಲಿ ನಮ್ಮವರಿಗೆ ವಿಶಾಖಪಟ್ಟಣಕ್ಕೆ ಟ್ರಾನ್ಸ್‌ಫರ್ ಆಯಿತು. ಬ್ಯಾಂಕ್ ಆಫೀಸರನ ಹೆಂಡತಿಗೆ ಪ್ರತಿ ಮೂರು ವರ್ಷಕ್ಕೊಮ್ಮೆ ಪಾತ್ರೆ ಪ್ಯಾಕ್ ಮಾಡುವುದೇ ಕೆರಿಯರ್. ಮನೆಯಲ್ಲಿ ಕೂತು ಬೇಸರವಾಗಿ, ಟೈಪಿಂಗ್ ಬರುತ್ತದೆ ಎಂಬ ಒಂದೇ ಕ್ವಾಲಿಫಿಕೇಶನ್ ಮೇಲೆ ಒಂದು ಕಾರ್ ಗ್ಯಾರೇಜಿನ ಆಫೀಸಿಗೆ ಸೇರಿದೆ.

ಗ್ಯಾರೇಜಿನ ಮಾಲೀಕರು ಪ್ರಕಾಶರಾವು ಗಾರು. ತೆಲುಗಿನಲ್ಲಿ ಗಾರು ಎಂದರೆ ನಮ್ಮ 'ಅವರು' ಇದ್ದ ಹಾಗೆ. ಒಳ್ಳೆಯ ಮನುಷ್ಯ. ಅವರ ದೋಷ ಒಂದೇ: ನಾನು ಟೈಪ್ ಮಾಡಿದ ಯಾವ ಕಾಗದವನ್ನೂ ಓದದೆ ಸಹಿ ಹಾಕುತ್ತಿದ್ದರು. "ಕಾನ್ವೆಂಟ್ ಇಂಗ್ಲಿಷ್, ಮೇಡಂ. ಓದುವುದು ಏನಿದೆ?" ಎನ್ನುತ್ತಿದ್ದರು. ಒಮ್ಮೆ ನನ್ನ ರಜೆ ಅರ್ಜಿಯನ್ನೂ ಅವರ ಪತ್ರಗಳ ಜೊತೆ ಇಟ್ಟುಬಿಟ್ಟೆ. ನಾನು ಸಹಿ ಮಾಡಬೇಕಾದ ಜಾಗದಲ್ಲಿ ಅವರು ಸಹಿ ಮಾಡಿದರು. ಹೀಗಾಗಿ ಮೈಸೂರಿನಲ್ಲಿ ನಾದಿನಿಯ ಸೀಮಂತಕ್ಕೆ ಹೋಗಲು ನಾಲ್ಕು ದಿನ ರಜೆ ಕೇಳಿದ್ದು ಪ್ರಕಾಶರಾವು ಗಾರು ಎಂದು ಫೈಲಿನಲ್ಲಿ ಶಾಶ್ವತವಾಗಿ ಉಳಿಯಿತು. ಈ ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಡ್ ಮೆಕ್ಯಾನಿಕ್ ಸನ್ಯಾಸಿರಾವು. ಹೆಸರು ಕೇಳಿ ಗಡ್ಡದ ಸ್ವಾಮಿಗಳನ್ನು ಊಹಿಸಬೇಡಿ. ಬೋಳು ತಲೆಯ, ಬೀಡಿ ವಾಸನೆಯ, ಐದಡಿಯ ಮನುಷ್ಯ. ಪ್ರಕಾಶರಾವು ಗಾರ ತಂದೆಯ ಕಾಲದಿಂದ ಅಲ್ಲೇ ದುಡಿದವರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನನಗೆ ಕಾರು ಓದಲು ಬರುತ್ತಿರಲಿಲ್ಲ. ಆದರೆ ಗ್ಯಾರೇಜಿನಲ್ಲಿ ಹುಕುಂ ನಡೆಯುತ್ತಿದ್ದದ್ದು ನನ್ನದು, ಏಕೆಂದರೆ ಜಾಬ್ ಕಾರ್ಡ್ ಬರೆಯುತ್ತಿದ್ದವಳು ನಾನು. ಅಲ್ಲಿ ಎಲ್ಲರೂ ಮಾತಾಡುತ್ತಿದ್ದದ್ದು ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ವಿಶಾಖಪಟ್ಟಣದ ಸಮುದ್ರದ ಗಾಳಿ ಯಾವುದನ್ನೂ ಬಿಡುತ್ತಿರಲಿಲ್ಲ. ನನ್ನ ಸೇಫ್ಟಿಪಿನ್ನುಗಳು ಬ್ಲೌಸಿನಲ್ಲೇ ತುಕ್ಕು ಹಿಡಿದು ಕಲೆ ಮಾಡುತ್ತಿದ್ದವು. ಬಾಗಿಲ ಚಿಲಕವನ್ನು ದಿನಾ ಬೈದು ತೆಗೆಯಬೇಕಿತ್ತು. ಇನ್ನು ಕಾರಿನ ಅಡಿಭಾಗದ ಗತಿ ಕೇಳಬೇಡಿ. ಚಕ್ರಗಳ ದಿಕ್ಕು ಸರಿಪಡಿಸುವ ಟೈ ರಾಡುಗಳಿಗೆ ಥ್ರೆಡ್, ಅಂದರೆ ತಿರುಪಿನ ಸುತ್ತುಗೆರೆ, ಇರುತ್ತದೆ, ಅದನ್ನು ಬಿಗಿ ಹಿಡಿಯಲು ಲಾಕ್ ನಟ್ ಇರುತ್ತದೆ. ಎರಡು ತಿಂಗಳು ಯಾರೂ ಮುಟ್ಟದಿದ್ದರೆ ನಟ್ಟು ರಾಡು ಒಂದಾಗಿಬಿಡುತ್ತಿದ್ದವು. ಆಮೇಲೆ ಅಡ್ಜಸ್ಟ್ ಮಾಡುವ ಪಾರ್ಟು ಎಂಬುದು ಹೆಸರಿಗೆ ಮಾತ್ರ.

ಈ ಸಮಸ್ಯೆಗೆ ನಾನು ಸೇರಿದ ಆರನೆಯ ತಿಂಗಳಲ್ಲೇ ಪರಿಹಾರ ಕಂಡುಹಿಡಿದೆ. ಗ್ರೀಸ್ ಒಳ್ಳೆಯದಾದರೆ ಜಾಸ್ತಿ ಗ್ರೀಸ್ ಇನ್ನೂ ಒಳ್ಳೆಯದಲ್ಲವೇ? ಒಬ್ಬ ಶಿಪ್ಪಿಂಗ್ ಏಜೆಂಟರ ಅಂಬಾಸಿಡರ್ ಬಂದಾಗ ಜಾಬ್ ಕಾರ್ಡಿನಲ್ಲಿ, ಕೆಂಪು ಗೆರೆ ಎಳೆದು, ಎಲ್ಲ ಥ್ರೆಡ್ಡಿಗೂ ಮುದ್ದೆ ಮುದ್ದೆ ಗ್ರೀಸ್ ಮೆತ್ತಬೇಕು ಎಂದು ಬರೆದೆ. ಸನ್ಯಾಸಿರಾವು ಕಾರ್ಡನ್ನು ಇನ್ನೊಬ್ಬರಿಂದ ಓದಿಸಿಕೊಂಡು ನನ್ನ ಟೇಬಲ್ಲಿಗೆ ಬಂದರು.

"ಅಮ್ಮಾ, ಇಷ್ಟು ಗ್ರೀಸ್ ಯಾಕೆ? ಮದುವೆಮನೆ ಲಾಡು ಕಟ್ಟಬೇಕಾ?"

"ಪ್ರೊಟೆಕ್ಷನ್, ಸನ್ಯಾಸಿರಾವು ಗಾರು" ಎಂದೆ.

ಆ ಏಜೆಂಟರು ಪ್ರತಿ ಭಾನುವಾರ ಸಮುದ್ರ ದಂಡೆಯ ಮರಳಿಗೆ ಕಾರು ಇಳಿಸುವವರು. ಆ ಮರಳೆಲ್ಲ ನನ್ನ ಗ್ರೀಸಿಗೆ ಅಂಟಿಕೊಂಡಿತು. ಮುಂದಿನ ಸರ್ವಿಸಿಗೆ ಬಂದಾಗ ಲಾಕ್ ನಟ್ ತಿರುಗಿಸಿದರೆ ಬೀಸುವ ಕಲ್ಲಿನ ಶಬ್ದ. ಥ್ರೆಡ್ ತಿಂದುಹೋಗಿತ್ತು. ಸನ್ಯಾಸಿರಾವು ಆ ಮರಳು ಮುದ್ದೆಯನ್ನು ಎಲೆಯ ಮೇಲಿಟ್ಟು ನನ್ನ ಟೇಬಲ್ಲಿಗೆ ತಂದಿಟ್ಟರು, ಪ್ರಸಾದದ ಹಾಗೆ. ಅಂದಿನಿಂದ ನನಗೆ ಗ್ರೀಸ್ ಎಂದರೆ ಆಗುತ್ತಿರಲಿಲ್ಲ. ತೆಳ್ಳಗೆ ಹಚ್ಚಬೇಕು ಎಂಬುದು ಅಲ್ಲಿನ ಪಾಠ. ನಾನು ಕಲಿತದ್ದು ಗ್ರೀಸೇ ಕೊಳಕು ಎಂದು. ನನ್ನಂಥವರು ಒಂದು ತಪ್ಪಿನಿಂದ ಇನ್ನೊಂದಕ್ಕೆ ನೇರ ದಾರಿಯಲ್ಲೇ ಹೋಗುತ್ತೇವೆ.

ಕೆಲವು ವರ್ಷಗಳ ನಂತರ ನಮ್ಮವರಿಗೆ ವಿಜಯವಾಡಕ್ಕೆ ವರ್ಗವಾಯಿತು. ಆಗಲೇ ಪ್ರಕಾಶರಾವು ಗಾರು ಅಲ್ಲೊಂದು ಬ್ರಾಂಚ್ ತೆರೆಯುವವರಿದ್ದರು. ಆಫೀಸಿಗೆ ನನ್ನನ್ನು ಹಾಕಿದರು, ಹೆಡ್ ಮೆಕ್ಯಾನಿಕ್ ಆಗಿ ಸನ್ಯಾಸಿರಾವು ಅವರನ್ನು ಕಳಿಸಿದರು. ನಾವು ಭವಾನಿಪುರಂನಲ್ಲಿ, ಕೃಷ್ಣಾ ನದಿಯ ಗಾಳಿ ಬರುವ ಮನೆಯಲ್ಲಿ ಇದ್ದೆವು. ಸನ್ಯಾಸಿರಾವು ಕುಟುಂಬವನ್ನು ವಿಶಾಖಪಟ್ಟಣದಲ್ಲಿ ಬಿಟ್ಟು ಬಂದು, ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಅಡುಗೆ ಮಾಡಿಕೊಂಡಿದ್ದರು. ಅರವತ್ತಕ್ಕೆ ಎರಡೋ ಮೂರೋ ವರ್ಷ ಬಾಕಿ. "ಇನ್ನು ಬೇರೆ ಕಡೆ ಯಾರು ನನ್ನನ್ನು ಇಟ್ಟುಕೊಳ್ತಾರೆ ಅಮ್ಮಾ, ನನ್ನ ಕಣ್ಣೂ ಹೋಯ್ತು, ನನ್ನ ಕಾಲದ ಕಾರುಗಳೂ ಹೋದವು" ಎಂದು ನಗುತ್ತಾ ಹೇಳುತ್ತಿದ್ದರು. ಅದು ತಮಾಷೆಯಲ್ಲ ಎಂದು ನನಗೆ ತಡವಾಗಿ ತಿಳಿಯಿತು.

ಅಲ್ಲಿ ನಮಗೆ ಸಿಕ್ಕ ವಿಐಪಿ ಕಸ್ಟಮರ್ ರಂಗಬಾಬು ಗಾರು. ಒನ್ ಟೌನ್ ಎಂಬ ಹಳೆಯ ಪೇಟೆಯಲ್ಲಿ ಬಟ್ಟೆಯ ಹೋಲ್‌ಸೇಲ್ ವ್ಯಾಪಾರ. ಹೆಂಡತಿ ಮಕ್ಕಳಿಗಿಂತ ಹೆಚ್ಚಾಗಿ ಕಾರ್ ರ‍್ಯಾಲಿಯನ್ನು ಪ್ರೀತಿಸುವ ಮನುಷ್ಯ. ತಮ್ಮ ಕಾರಿಗೆ ವಿದೇಶದಿಂದ ನಾಲ್ಕು ಶಾಕ್ ಅಬ್ಸಾರ್ಬರ್ ತರಿಸಿ ಹಾಕಿಸಿದ್ದರು. ನಮ್ಮ ಕಾರುಗಳ ಶಾಕ್ ಅಬ್ಸಾರ್ಬರ್ ನುಣ್ಣಗಿನ ಕೊಳವೆ. ಇವುಗಳ ಮೈತುಂಬ ಬೋಲ್ಟಿನಂತೆ ಥ್ರೆಡ್. ಅದರ ಮೇಲೆ ಒಂದರ ಕೆಳಗೊಂದು ಎರಡು ಅಲ್ಯೂಮಿನಿಯಂ ರಿಂಗುಗಳು. ಮೇಲಿನ ರಿಂಗಿನ ಮೇಲೆ ಸ್ಪ್ರಿಂಗು ಕೂರುತ್ತದೆ. ಅದನ್ನು ತಿರುಗಿಸಿ ಏರಿಸಿದರೆ ಕಾರು ಎತ್ತರ, ಇಳಿಸಿದರೆ ತಗ್ಗು. ಕೆಳಗಿನ ರಿಂಗು ಮೇಲಿನದನ್ನು ಅಲುಗದಂತೆ ಹಿಡಿಯುವ ಲಾಕ್. ಕಲ್ಲು ರಸ್ತೆಗೆ ಒಂದು ಎತ್ತರ, ಟಾರ್ ರಸ್ತೆಗೆ ಇನ್ನೊಂದು. ಸನ್ಯಾಸಿರಾವು ಆ ರಿಂಗುಗಳನ್ನು ಗಾಜುಲು, ಅಂದರೆ ಬಳೆಗಳು, ಎನ್ನುತ್ತಿದ್ದರು. ಕೆಲವೇ ದಿನಗಳಲ್ಲಿ ಗ್ಯಾರೇಜಿಗೆಲ್ಲ ಅದೇ ಹೆಸರಾಯಿತು. ತಿಂಗಳಿಗೊಮ್ಮೆ ಅವರೇ ಆ ಬಳೆಗಳನ್ನು ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ ತಿರುಗಿಸಿ, ಬೆರಳ ತುದಿಯಿಂದ ತೆಳ್ಳಗೆ ಗ್ರೀಸ್ ಹಚ್ಚುತ್ತಿದ್ದರು. ನಾನು ಆಫೀಸಿನ ಕಿಟಕಿಯಿಂದ ಮೂಗು ಮುರಿಯುತ್ತಿದ್ದೆ.

ಆ ವರ್ಷದ ದಸರಾ. ವಿಜಯವಾಡದವರಿಗೆ ದಸರಾ ಹೇಳಿಕೊಡಬೇಕಾಗಿಲ್ಲ. ಬೆಟ್ಟದ ಮೇಲೆ ಅಮ್ಮನವರೇ ಕೂತಿದ್ದಾರೆ, ಊರಿಗೆ ಊರೇ ಸಾಲು ನಿಲ್ಲುತ್ತದೆ. ಆದರೆ ನಾನು ಮೈಸೂರಿನವಳಲ್ಲವೇ? ಆಯುಧಪೂಜೆ ಎಂದರೆ ಏನೆಂದು ಇವರಿಗೆ ತೋರಿಸಬೇಕು ಎಂದು ಹೊರಟೆ. ನಿಜ ಹೇಳಿದರೆ ನಾನು ಅರಮನೆಯ ಆಯುಧಪೂಜೆಯನ್ನು ಎಂದೂ ನೋಡಿದವಳಲ್ಲ. ನೋಡಿದ್ದು ಚಿಕ್ಕಪ್ಪನ ಸ್ಕೂಟರಿನ ಪೂಜೆ. ಆದರೆ ಅಲ್ಲಿ ಯಾರಿಗೆ ಗೊತ್ತು?

ರಂಗಬಾಬು ಗಾರ ಕಾರು ಪೂಜೆಗೆಂದೇ ಬಂದಿತ್ತು. ನಾನು ಅರಿಶಿನ ಕಲಸಿದ ಬಟ್ಟಲು, ಕುಂಕುಮದ ತಟ್ಟೆ ಹಿಡಿದು ಅದರ ಮುಂದೆ ನಿಂತೆ. ಚಕ್ರಗಳನ್ನು ಬಿಚ್ಚಿಸಿ ಕಾರನ್ನು ಜ್ಯಾಕ್ ಸ್ಟ್ಯಾಂಡಿನ ಮೇಲೆ ಇಡಿಸಿದ್ದೆ, ಬಳೆಗಳು ಎಲ್ಲರಿಗೂ ಕಾಣಲಿ ಎಂದು. ಬೊಟ್ಟು ಇಡಲು ಹೋದರೆ ಜಾರಿತು.

"ಗ್ರೀಸಿನ ಮೇಲೆ ನಿಲ್ಲಲ್ಲ ಅಮ್ಮಾ" ಎಂದರು ಸನ್ಯಾಸಿರಾವು. "ಬಾನೆಟ್ಟಿಗೆ ಇಡಿ, ಸ್ಟೀರಿಂಗಿಗೆ ಇಡಿ. ಬಳೆಗಳ ತಂಟೆಗೆ ಮಾತ್ರ ವದ್ದಮ್ಮಾ, ಬೇಡ."

"ಈ ಕಾರಿನ ಆಯುಧವೇ ಅದಲ್ಲವಾ? ಗ್ರೀಸ್ ಒರೆಸಿ."

"ಒರೆಸಿದರೆ ಬರಿ ಮೈ. ಮೇಲೆ ಒದ್ದೆ ಅರಿಶಿನ. ಕೆಳಗೆ ಉಕ್ಕು, ಮೇಲೆ ಅಲ್ಯೂಮಿನಿಯಂ. ಎರಡಕ್ಕೂ ನೀರು ಕುಡಿಸಿದರೆ ಕಚ್ಚಿಕೊಳ್ತವೆ."

"ಮೈಸೂರಿನಲ್ಲಿ ಪಟ್ಟದ ಕತ್ತಿಗೆ ಗ್ರೀಸ್ ಮೆತ್ತಿ ಪೂಜೆ ಮಾಡ್ತಾರಾ?" ಎಂದೆ ನಾನು.

ಪೂಜೆ ಎಂದ ಮೇಲೆ ಅವರು ವಾದಿಸುವವರಲ್ಲ. ಬಟ್ಟೆಗೆ ಪೆಟ್ರೋಲ್ ಹಾಕಿಕೊಂಡು ಎಂಟೂ ಬಳೆಗಳನ್ನು, ಥ್ರೆಡ್ಡುಗಳನ್ನು ಫಳಫಳ ಹೊಳೆಯುವಂತೆ ಒರೆಸಿದರು. ನಾನು ಧಾರಾಳವಾಗಿ ಅರಿಶಿನ ಬಳಿದು ಸಾಲಾಗಿ ಕುಂಕುಮ ಇಟ್ಟೆ. ಪೂಜೆಗೆಂದು ವಿಶಾಖಪಟ್ಟಣದಿಂದ ಬಂದಿದ್ದ ಪ್ರಕಾಶರಾವು ಗಾರು ತೆಂಗಿನಕಾಯಿ ಒಡೆದರು. ರಂಗಬಾಬು ಗಾರು ಕೈಮುಗಿದು ಕಾರಿಗೆ ಒಂದು ಸುತ್ತು ಬಂದು, "ಎಷ್ಟು ಚೆನ್ನಾಗಿದೆ ಅಮ್ಮಾ! ಹಿಂದಿನ ಬಲಗಡೆಗೆ ಇನ್ನೊಂದು ಬೊಟ್ಟು ಇಡಿ, ಕಮ್ಮಿ ಕಾಣ್ತಿದೆ" ಎಂದರು. ಇಟ್ಟೆ.

ಸನ್ಯಾಸಿರಾವು ಅಂದೇ ರೈಲಿಗೆ ಊರಿಗೆ ಹೊರಟರು. ಹೋಗುವ ಮುಂಚೆ ನನ್ನ ಟೇಬಲ್ಲಿಗೆ ಬಂದು ಹೇಳಿದರು: "ಅಮ್ಮಾ, ವಿಜಯದಶಮಿಯ ಪೂಜೆ ಆದ ಕೂಡಲೇ ಆ ಅರಿಶಿನ ಕುಂಕುಮ ಒರೆಸಿಸಿ, ಒಣಗಿಸಿ, ಗ್ರೀಸ್ ಹಚ್ಚಿಸಿಬಿಡಿ. ಮರೀಬೇಡಿ."

ಮರೆಯಲಿಲ್ಲ. ಮರೆತಿದ್ದರೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ವಿಜಯದಶಮಿಯ ಮರುದಿನ ಬಟ್ಟೆ ಹಿಡಿದು ನಾನೇ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಆಗ ಮನಸ್ಸಿಗೆ ಬಂತು: ಬಳೆಗಳ ಮೇಲಿನ ಕುಂಕುಮ ಅಳಿಸುವುದು! ಬಳೆ, ಕುಂಕುಮ, ಅಳಿಸುವುದು, ಈ ಮೂರು ಮಾತನ್ನು ನಮ್ಮ ಮನೆಯಲ್ಲಿ ಒಟ್ಟಿಗೆ ಯಾರೂ ಆಡುತ್ತಿರಲಿಲ್ಲ. ನಮ್ಮವರಿಗೆ ಆಗ ತಾನೇ ಬಿಪಿ ಶುರುವಾಗಿತ್ತು. ಕಾನ್ವೆಂಟಿನಲ್ಲಿ ಸೈನ್ಸಿಗೆ ಡಿಸ್ಟಿಂಕ್ಷನ್ ಪಡೆದ ನಾನು ಬಟ್ಟೆಯನ್ನು ಮಡಿಸಿ ಒಳಗಿಟ್ಟೆ. ಮಳೆ ಹಿಡಿಯಿತು. ರಂಗಬಾಬು ಗಾರು ಚಕ್ರ ಹಾಕಿಸಿ, ಕುಂಕುಮವಿದ್ದಂತೆಯೇ ಕಾರನ್ನು ತೆಗೆದುಕೊಂಡು ಹೋಗಿ ತಮ್ಮ ಗೋಡೌನಿನಲ್ಲಿ ಟಾರ್ಪಾಲಿನ್ ಹೊದಿಸಿ ಇಟ್ಟರು.

ಸನ್ಯಾಸಿರಾವು ಊರಿನಿಂದ ಬಂದು ಮೊದಲು ಕೇಳಿದ್ದು, "ಬಳೆಗಳಿಗೆ ಗ್ರೀಸ್ ಹಚ್ಚಿಸಿದಿರಾ ಅಮ್ಮಾ?"

"ಹೂಂ, ಆಯಿತು" ಎಂದೆ.

ಇಷ್ಟು ವರ್ಷಗಳಲ್ಲಿ ನಾನು ಆಡಿದ ಅತಿ ಚಿಕ್ಕ ಸುಳ್ಳು ಅದು. ಎರಡೇ ಮಾತು.

ತಿಂಗಳು ಕಳೆದು ಮೇಲೆ ಹತ್ತು ದಿನವಾಗಿರಬೇಕು. ರ‍್ಯಾಲಿಗೆ ಮೂರು ದಿನ ಇರುವಾಗ ಕಾರು ಬಂತು. ಮುಂದಿನ ಎತ್ತರ ಎರಡು ಬೆರಳು ಏರಿಸಬೇಕಿತ್ತು. ಸನ್ಯಾಸಿರಾವು ಚಕ್ರ ಬಿಚ್ಚಿದರು. ಥ್ರೆಡ್ಡಿನ ಸಂದುಗಳಲ್ಲಿ ಅರಿಶಿನ ಒಣಗಿ ಗಟ್ಟಿಯಾಗಿತ್ತು. ಅದರ ಮೇಲೆ ಕೆಂಪು. ಯಾವುದು ಕುಂಕುಮ, ಯಾವುದು ತುಕ್ಕು ಎಂದು ಹೇಳಲು ಬರುತ್ತಿರಲಿಲ್ಲ. ಅವರು ಒಮ್ಮೆ ಬಳೆ ನೋಡಿದರು, ಒಮ್ಮೆ ನನ್ನ ಕಿಟಕಿಯ ಕಡೆ ನೋಡಿದರು. ನಾನು ಟೈಪ್‌ರೈಟರಿನಲ್ಲಿ ಕಾಗದವೇ ಇಲ್ಲದೆ ಜೋರಾಗಿ ಟೈಪ್ ಮಾಡಲು ಶುರುಮಾಡಿದೆ.

ಸೀಮೆಎಣ್ಣೆಗೆ ಡೀಸೆಲ್ ಬೆರೆಸಿ ನೆನೆಹಾಕಿದರು. ಒಣ ವೈರ್ ಬ್ರಶ್ಶಿನಿಂದ ಉಜ್ಜಿದರು, ಮತ್ತೆ ನೆನೆಹಾಕಿದರು. ನಾನು ಮೆಲ್ಲಗೆ ಹೋಗಿ, "ಸೋಪಿನ ನೀರು ಹಾಕಿದರೆ? ಕೈಯಲ್ಲಿ ಬಳೆ ಸಿಕ್ಕಿಕೊಂಡರೆ ನಾವು ಹಾಗೇ ತೆಗೆಯುವುದು" ಎಂದೆ. ಅವರು ಸೀಮೆಎಣ್ಣೆಯ ಡಬ್ಬಿಯನ್ನು ನನ್ನಿಂದ ದೂರ ಸರಿಸಿದರು. ಎರಡನೆಯ ದಿನಕ್ಕೆ ಏಳು ಬಳೆಗಳು ಕಿರುಗುಟ್ಟುತ್ತಾ ಅಲುಗಿದವು. ಮುಂದಿನ ಎಡಗಡೆಯ ಮೇಲಿನದು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಇನ್ನೊಂದು ದಿನ ನೆನೆಯಲಿ ಬಾಬು" ಎಂದರು ಸನ್ಯಾಸಿರಾವು.

"ನಾಳೆ ಬೆಳಗ್ಗೆ ನಾನು ಹೊರಡಬೇಕು. ಉಳಿ ಇಟ್ಟು ಹೊಡಿ!" ಎಂದರು ರಂಗಬಾಬು ಗಾರು.

"ಒಡೆಯುತ್ತೆ ಬಾಬು."

"ಹೊಡಿ ಅಂದೆ!"

ಹೊಡೆದರು. ಬಳೆ ಎರಡು ಹೋಳಾಯಿತು, ಥ್ರೆಡ್ಡಿನ ತುಂಡನ್ನೂ ಕಿತ್ತುಕೊಂಡು. ಇಡೀ ದೇಶದಲ್ಲಿ ಅದರ ಸ್ಪೇರ್ ಇರಲಿಲ್ಲ. ರ‍್ಯಾಲಿ ಹೋಯಿತು.

ರಂಗಬಾಬು ಗಾರು ಟೆಲಿಫೋನಿನಲ್ಲಿ ಪ್ರಕಾಶರಾವು ಗಾರಿಗೆ ಹೇಳಿದ್ದು ಗ್ಯಾರೇಜಿನ ಗೇಟಿನವರೆಗೂ ಕೇಳಿಸಿತು. ಆ ಮುದುಕ ಇರುವ ಗ್ಯಾರೇಜಿಗೆ ತಮ್ಮ ಕಾರು ಮಾತ್ರವಲ್ಲ, ಒನ್ ಟೌನಿನ ಒಬ್ಬ ವ್ಯಾಪಾರಿಯ ಕಾರೂ ಬರುವುದಿಲ್ಲ ಎಂದು. ಸೋಮವಾರ ತಾವೇ ಬರುವುದಾಗಿ, ಅಷ್ಟರಲ್ಲಿ ಹೆಡ್ ಮೆಕ್ಯಾನಿಕ್ಕಿನಿಂದ ರೈಟಿಂಗಿನಲ್ಲಿ ಎಕ್ಸ್‌ಪ್ಲನೇಶನ್ ತೆಗೆದಿಡಬೇಕೆಂದು ಪ್ರಕಾಶರಾವು ಗಾರು ವಿಶಾಖಪಟ್ಟಣದಿಂದ ಹೇಳಿಕಳಿಸಿದರು. ಇಂಗ್ಲಿಷಿನಲ್ಲಿ. ಅಲ್ಲಿ ಇಂಗ್ಲಿಷ್ ಬರೆಯಲು ಬರುತ್ತಿದ್ದದ್ದು ಒಬ್ಬಳಿಗೆ.

ಶನಿವಾರ ಸನ್ಯಾಸಿರಾವು ಕೈ ತೊಳೆದುಕೊಂಡು ಬಂದು ನನ್ನ ಎದುರು ಸ್ಟೂಲಿನ ಮೇಲೆ ಕೂತರು.

"ಬರೀರಿ ಅಮ್ಮಾ. ಪೂಜೆಗೆ ಗ್ರೀಸ್ ಒರೆಸಿದ್ದು ನಾನು. ಆಮೇಲೆ ಹಚ್ಚಿದ್ದಾರಾ ಇಲ್ಲವಾ ಅಂತ ಕಣ್ಣಾರೆ ನೋಡಲಿಲ್ಲ. ತಪ್ಪು ನನ್ನದು."

ನನ್ನ ಬೆರಳು ಕೀಲಿಗಳ ಮೇಲೆ ನಿಂತವು. "ಒರೆಸಲು ಹೇಳಿದ್ದು ಯಾರು ಅಂತ... ಅದು ಬೇಡವಾ?"

"ಒರೆಸಿದ ಕೈ ನನ್ನದಮ್ಮಾ. ಬಳೆಗಳು ನನ್ನ ಜವಾಬ್ದಾರಿ. ಆಯಿತು ಅಂದರು ಅಂತ ನಂಬಿದ್ದು ನನ್ನ ಕೆಲಸದಲ್ಲಿ ತಪ್ಪೇ." ಟೈಪ್‌ರೈಟರಿನ ಕಡೆ ಕೈ ತೋರಿಸಿ, "ಮಿಕ್ಕಿದ್ದು ಮೀ ಇಷ್ಟಂ" ಎಂದರು.

ಮಿಕ್ಕಿದ್ದನ್ನು ನನ್ನ ಇಷ್ಟಕ್ಕೆ ಬಿಟ್ಟಿದ್ದರು. ನಾನು ಬಿಟ್ಟೆ, ಬರೆಯಲಿಲ್ಲ. ಆದರೆ ಪತ್ರ ಎಷ್ಟು ಚೆನ್ನಾಗಿ ಬಂತೆಂದರೆ! ಪ್ರೆಸಿ ರೈಟಿಂಗಿನಲ್ಲಿ ಸಿಸ್ಟರ್ ಕಲಿಸಿದ ಒಂದೊಂದು ಪದವೂ ಓಡಿ ಬಂದು ಸಾಲಾಗಿ ನಿಂತಿತು. ಪಶ್ಚಾತ್ತಾಪಕ್ಕೇ ಮೂರು ಬೇರೆ ಬೇರೆ ಪದ ಹಾಕಿದ್ದೆ. ನನ್ನ ತಪ್ಪಿಗೆ ಇನ್ನೊಬ್ಬರ ಹೆಸರಿನಲ್ಲಿ ಇಷ್ಟು ಸುಂದರವಾಗಿ ಕ್ಷಮೆ ಕೇಳಿದ್ದು ನಾನೊಬ್ಬಳೇ ಇರಬೇಕು. ಅವರು ಕೆಳಗೆ ತೆಲುಗಿನಲ್ಲಿ, ಒಂದೊಂದೇ ಅಕ್ಷರ ಕೂಡಿಸಿ, ಸಹಿ ಮಾಡಿದರು.

ಆ ಸಂಕಟದಲ್ಲಿ ಎರಡು ದಿನ ಊಟ ಬಿಟ್ಟೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಭಾನುವಾರ ನಾನು ಬಿಸಿಬೇಳೆಬಾತನ್ನು ಎರಡು ಸಲ ಬಡಿಸಿಕೊಂಡೆ. ತಿನ್ನುತ್ತಲೇ ನಮ್ಮವರಿಗೆ ಎಲ್ಲ ಹೇಳಿದೆ.

"ನೀನು ಬಾಯಿ ಮುಚ್ಕೊಂಡಿರು" ಎಂದರು ಅವರು. "ಬ್ಯಾಂಕಲ್ಲಿ ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಕೇಳದೇ ಇರೋ ಪ್ರಶ್ನೆಗೆ ಉತ್ತರ ಕೊಡಬಾರದು. ಬಾಯಿ ಬಿಟ್ರೆ ಗೊತ್ತಲ್ಲ, ನೀನು ಹಾಳು ಮಾಡಿದ್ದೂ ಕಾರಿನ ಸಸ್ಪೆನ್ಷನ್ನು, ನಿನಗೆ ಸಿಗೋದೂ ಸಸ್ಪೆನ್ಷನ್ನು."

"ತಮಾಷೆ ಮಾಡ್ಬೇಡಿ ಕಣ್ರೀ. ಅವರ ಎಕ್ಸ್‌ಪ್ಲನೇಶನ್ ಟೈಪ್ ಮಾಡಿದ್ದೇ ನಾನು."

ಅವರು ಮಜ್ಜಿಗೆ ಲೋಟ ಕೆಳಗಿಟ್ಟರು. "ನಿನ್ನ ತಪ್ಪಿಗೆ ಅವರ ಹೆಸರಲ್ಲಿ ನೀನೇ ಬರೆದ್ಯಾ?"

"ಹೂಂ."

"ಚೆನ್ನಾಗಿ ಬಂತಾ?"

"ತುಂಬ ಚೆನ್ನಾಗಿ ಬಂತು" ಎಂದೆ. ಆಗ ಅಳು ಬಂತು.

ಅವರು ನನ್ನ ಕಡೆ ತಿರುಗಿ ಕೂತರು. "ಯಾಕೆ ಒರೆಸಲಿಲ್ಲ ನೀನು? ನಿಜ ಹೇಳು."

ಬಳೆ, ಕುಂಕುಮ, ಅವರ ಬಿಪಿ ಎಲ್ಲ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ಅಯ್ಯೋ ಪೆದ್ದಿ" ಎಂದು ನನ್ನ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದರು. "ನನ್ನ ಆಯುಷ್ಯಕ್ಕೆ ಆ ಮುದುಕರ ಕೆಲಸ ಅಡ ಇಡಬೇಡ ಕಣೇ ಮಾರಾಯ್ತಿ."

ಸೋಮವಾರ ಬೆಳಗ್ಗೆ ಪ್ರಕಾಶರಾವು ಗಾರು ಬಂದರು, ಹಿಂದೆಯೇ ರಂಗಬಾಬು ಗಾರು. ಸನ್ಯಾಸಿರಾವು ಬಾಗಿಲ ಪಕ್ಕ ಕೈಕಟ್ಟಿ ನಿಂತರು. ಎಕ್ಸ್‌ಪ್ಲನೇಶನ್ ಓದಿ ರಂಗಬಾಬು ಗಾರು, "ತಾನೇ ಒಪ್ಪಿಕೊಂಡಿದ್ದಾನಲ್ಲ" ಎಂದರು. ಪ್ರಕಾಶರಾವು ಗಾರು ಕಿಟಕಿಯ ಹೊರಗೆ ನೋಡುತ್ತಾ, ತಮ್ಮ ತಂದೆಯ ಕಾಲದ ಮನುಷ್ಯನ ಮುಖ ನೋಡಲಾಗದೆ, ನನಗೆ ಹೇಳಿದರು: "ಮೇಡಂ, ಆರ್ಡರ್ ಟೈಪ್ ಮಾಡಿ. ನಾಳೆಯಿಂದ ಕೆಲಸಕ್ಕೆ ಬರಬೇಕಾಗಿಲ್ಲ ಅಂತ."

ಎದ್ದು ನಿಂತು ಸತ್ಯ ಹೇಳುವ ಘಳಿಗೆ ಅದು. ನಾನು ಕೂತೇ ಇದ್ದೆ. ಬಾಯಿಯಿಂದ ಧೈರ್ಯ ಮಾಡುವವಳು ನಾನಲ್ಲ. ನನಗೆ ಬರುತ್ತಿದ್ದದ್ದು ಟೈಪಿಂಗ್ ಒಂದೇ. ಟೈಪ್ ಮಾಡಿದೆ. ಗ್ರೀಸ್ ಒರೆಸಲು ಹೇಳಿದ್ದಕ್ಕಾಗಿ, ಮತ್ತೆ ಹಚ್ಚದೆ ಹಚ್ಚಿದೆ ಎಂದು ಸುಳ್ಳು ಹೇಳಿದ್ದಕ್ಕಾಗಿ, ಈ ಕೆಳಗಿನವರ ಸೇವೆ ನಾಳೆಯಿಂದ ಬೇಕಾಗಿಲ್ಲ. ಹೆಸರಿನ ಜಾಗದಲ್ಲಿ ನನ್ನ ಹೆಸರು, ಗಂಡನ ಇನಿಷಿಯಲ್ ಸಮೇತ. ಸ್ಪೆಲ್ಲಿಂಗ್ ಮಿಸ್ಟೇಕ್ ಇಲ್ಲ.

ಪ್ರಕಾಶರಾವು ಗಾರು ಎಂದಿನಂತೆ ಓದದೆ ಸಹಿ ಹಾಕಿದರು. ರಂಗಬಾಬು ಗಾರು ಅದನ್ನು ಕೈಗೆ ತೆಗೆದುಕೊಂಡರು.

"ಇದು ಯಾರ ಹೆಸರು?"

ಪ್ರಕಾಶರಾವು ಗಾರು ಜೇಬಿನಿಂದ ಕನ್ನಡಕ ತೆಗೆದು, ನನಗೆ ಗೊತ್ತಿದ್ದಂತೆ ಮೊದಲ ಬಾರಿಗೆ, ನಾನು ಟೈಪ್ ಮಾಡಿದ್ದನ್ನು ಓದಿದರು. ಎರಡು ಸಲ ಓದಿದರು. "ಸುಳ್ಳು ಯಾಕೆ ಹೇಳಿದಿರಿ ಮೇಡಂ?" ಎಂದರು ಮೆಲ್ಲಗೆ.

ಆಗ ಬಾಯಿ ಬಂತು. ಬಂದ ಮೇಲೆ ನಿಲ್ಲಲಿಲ್ಲ. ಮೈಸೂರು, ಚಿಕ್ಕಪ್ಪನ ಸ್ಕೂಟರು, ಬಳೆ, ಕುಂಕುಮ, ನಮ್ಮವರ ಬಿಪಿ ರೀಡಿಂಗ್ ಸಹಿತ ಒಪ್ಪಿಸಿಬಿಟ್ಟೆ. ರಂಗಬಾಬು ಗಾರು ಬೈಯಲು ಬಾಯಿ ತೆರೆದರು.

"ಹಿಂದಿನ ಬಲಗಡೆಗೆ ಇನ್ನೊಂದು ಬೊಟ್ಟು..." ಎಂದರು ಬಾಗಿಲಿನಿಂದ ಸನ್ಯಾಸಿರಾವು, ಯಾರನ್ನೂ ನೋಡದೆ.

"ಸರೇ ಸರೇ, ನೆನಪಿದೆ" ಎಂದರು ರಂಗಬಾಬು ಗಾರು. ಆಮೇಲೆ, "ಉಳಿ ಇಟ್ಟು ಹೊಡಿ ಅಂದದ್ದೂ ನಾನೇ" ಎಂದು, ಆ ಆರ್ಡರನ್ನು ಮೇಜಿನ ಮೇಲಿಟ್ಟರು. "ಅಮ್ಮನ ಪೂಜೆಗೆ ಆದದ್ದು. ಯಾರನ್ನೂ ತೆಗೀಬೇಡಿ. ನನ್ನ ಬಳೆಗಳನ್ನು ಮಾತ್ರ ಈ ಮೇಡಂ ಇನ್ನು ಮುಟ್ಟಬಾರದು."

"ಮುಟ್ಟಬೇಕು" ಎಂದರು ಪ್ರಕಾಶರಾವು ಗಾರು. "ಸಹಿ ಹಾಕಿದ್ದೀನಿ, ವಾಪಸ್ ತಗೊಳ್ಳೋಕಾಗಲ್ಲ. ಟೈಪಿಸ್ಟ್ ಕೆಲಸದಿಂದ ನಿಮ್ಮನ್ನು ತೆಗೆದಾಯಿತು, ಮೇಡಂ. ನಾಳೆಯಿಂದ ಪಿಟ್ಟಿಗೆ ಇಳೀರಿ. ಸನ್ಯಾಸಿರಾವು ಕೈಕೆಳಗೆ."

ಹೀಗೆ ಕೆಲಸ ಕಳೆದುಕೊಂಡ ದಿನ ನನ್ನ ನಿಜವಾದ ಕೆಲಸ ಶುರುವಾಯಿತು. ಮರುದಿನ ನಮ್ಮವರ ಶರ್ಟು ತೊಟ್ಟು ಪಿಟ್ಟಿಗೆ, ಅಂದರೆ ಕಾರಿನ ಕೆಳಗೆ ನಿಂತು ಕೆಲಸ ಮಾಡುವ ಗುಂಡಿಗೆ, ಇಳಿದೆ. ಸನ್ಯಾಸಿರಾವು ನನ್ನ ಕೈಗೆ ಒಂದು ಬ್ರಶ್ ಕೊಟ್ಟರು. "ಒಣ ಬ್ರಶ್ ಅಮ್ಮಾ. ನೀರು ಬೇಡ, ಸೋಪು ಬೇಡ, ಇಂಗ್ಲಿಷೂ ಬೇಡ" ಎಂದರು.

ಅವರು ಕಲಿಸಿದ್ದನ್ನು ಅನನ್ಯಾಳಿಗಾಗಿ ಬರೆಯುತ್ತೇನೆ. ತಿರುಗಿಸುವ ಮುಂಚೆ ರಿಂಗಿನ ಮೇಲೆ ಎಷ್ಟು ಥ್ರೆಡ್ ಕಾಣುತ್ತಿದೆ ಎಣಿಸಿ ಬರೆದುಕೋ, ಇಲ್ಲದಿದ್ದರೆ ಕಾರು ಒಂದು ಕಡೆಗೆ ವಾಲುತ್ತದೆ. ನಾನು ಒಂದು ಸಲ ವಾಲಿಸಿದೆ, ಗನ್ನವರಂ ರಸ್ತೆಯಲ್ಲಿ ಟ್ರಯಲ್ ನೋಡಿದ ಪ್ರಕಾಶರಾವು ಗಾರು ದಾರಿಯುದ್ದಕ್ಕೂ ನನ್ನ ಭುಜಕ್ಕೆ ಒರಗಿಕೊಂಡು ಬಂದರು. ಮೊದಲು ಕೊಳೆ ತೆಗೆ, ಆಮೇಲೆ ತಿರುಗಿಸು. ಮಣ್ಣಿನ ಮೇಲೆ ತಿರುಗಿಸಿದರೆ ಥ್ರೆಡ್ ತಿನ್ನುತ್ತದೆ. ಗ್ರೀಸ್ ಕಣ್ಣಿಗೆ ಕಾಣುವಷ್ಟಿದ್ದರೆ ಜಾಸ್ತಿಯಾಯಿತು, ಬೆರಳಿಗೆ ಗೊತ್ತಾಗುವಷ್ಟಿದ್ದರೆ ಸರಿ. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಥ್ರೆಡ್ಡಿಗೆ ಕಾಲುಚೀಲದ ಹಾಗೆ ತೊಡಿಸಿದರೆ ಕೆಸರು ಹತ್ತುವುದಿಲ್ಲ, ಆದರೆ ಮಳೆಯಾದ ಮೇಲೆ ಬಿಚ್ಚಿ ಒಣಗಿಸಬೇಕು. ಕೆಲಸವಿಲ್ಲದಿದ್ದರೂ ತಿಂಗಳಿಗೊಮ್ಮೆ ಒಂದು ಸುತ್ತು ತಿರುಗಿಸಿ ಇದ್ದಲ್ಲಿಗೇ ತಂದಿಡಬೇಕು. "ಸುಮ್ಮನೆ ಕೂತದ್ದೆಲ್ಲ ಕಚ್ಚಿಕೊಳ್ಳುತ್ತೆ ಅಮ್ಮಾ, ನನ್ನ ಮೊಣಕಾಲು ನೋಡಿ" ಎನ್ನುತ್ತಿದ್ದರು. ತೊಂಬತ್ತರ ದಶಕದಲ್ಲಿ ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಗಳು ಬಂದಾಗ ಅವರು ಮೂಸಿ ನೋಡಿ, "ಬಿಡಿಸಲಿಕ್ಕೆ ಇದು, ಕಾಪಾಡಲಿಕ್ಕೆ ಅದು" ಎಂದು ಗ್ರೀಸ್ ಡಬ್ಬಿ ತೋರಿಸಿದರು. ಈಗಲೂ ಅದೇ ಸರಿ.

ಮುಂದಿನ ಆಯುಧಪೂಜೆ ಬಂತು. ರಂಗಬಾಬು ಗಾರ ಕಾರಿಗೆ ವಿದೇಶದಿಂದ ಹೊಸ ಶಾಕ್ ಅಬ್ಸಾರ್ಬರ್ ಬಂದಿತ್ತು. ನಾನು ಕುಂಕುಮದ ತಟ್ಟೆ ಹಿಡಿದು ಹಿಂದೆ, ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಸನ್ಯಾಸಿರಾವು ಒಳಗೆ ಹೋಗಿ ಗ್ರೀಸ್ ಡಬ್ಬಿ ತಂದರು. ಒಗೆದ ಬಟ್ಟೆಯಿಂದ ಮುಚ್ಚಳ ಒರೆಸಿ, ಕಾರಿನ ಮುಂದೆ ಸ್ಟೂಲಿನ ಮೇಲಿಟ್ಟರು.

"ಇಲ್ಲಿ ಇಡಿ ಅಮ್ಮಾ. ಇಲ್ಲಿ ನಿಲ್ಲುತ್ತೆ."

ಇಟ್ಟೆ. ನಿಂತಿತು. ವಿಜಯದಶಮಿಯ ಮರುದಿನ ಅವರು ಊರಿನಲ್ಲಿದ್ದರು. ಡಬ್ಬಿಯ ಮುಂದೆ ನಾನೊಬ್ಬಳೇ. ಬಟ್ಟೆ ತೆಗೆದುಕೊಂಡು ಕುಂಕುಮ ಒರೆಸಿ, ಮುಚ್ಚಳ ತೆಗೆದು, ಎಂಟು ಬಳೆಗಳಿಗೂ ತೆಳ್ಳಗೆ ಹಚ್ಚಿದೆ. ಆ ಸಂಜೆ ನಮ್ಮವರ ಬಿಪಿ ಎರಡು ಸಲ ನೋಡಿಸಿದೆ. ನಾರ್ಮಲ್.

ಆಮೇಲೆ ರಿಟೈರ್ ಆಗುವವರೆಗೆ ಪ್ರತಿ ವರ್ಷ ಒರೆಸಿದೆ. ನಾನು ಅಷ್ಟು ಕುಂಕುಮ ಒರೆಸಿದರೂ ನಮ್ಮವರು ಎಂಬತ್ತು ದಾಟಿ ಬಾಳಿ, ಹೋದ ವರ್ಷದ ಹಿಂದಿನ ವರ್ಷ ಹೋದರು. ಅವರ ಶರ್ಟು ನನ್ನ ಹತ್ತಿರ ಇದೆ. ಎಡಗಡೆಯ ತೋಳಿನಲ್ಲಿ ಆ ಬಳೆಗಳ ಗ್ರೀಸಿನ ಕಲೆ ಇದೆ. ನನ್ನಂಥ ತೊಳೆಯುವವಳೂ ಅದನ್ನು ತೊಳೆದಿಲ್ಲ.

ನಾನು ಮೊದಲ ಸಲ ಒರೆಸಿದ ಆ ವರ್ಷ ಸನ್ಯಾಸಿರಾವು ಊರಿನಿಂದ ಬಂದ ದಿನ, ಚೀಲ ಕೆಳಗಿಡುವ ಮುಂಚೆಯೇ ಕೇಳಿದ್ದರು: "ಬಳೆಗಳಿಗೆ ಗ್ರೀಸ್ ಹಚ್ಚಿದಿರಾ ಅಮ್ಮಾ?"

"ಹೂಂ, ಆಯಿತು" ಎಂದೆ.

ಅವರು ಪಿಟ್ಟಿಗೆ ಇಳಿದು, ಒಂದೊಂದು ಬಳೆಯನ್ನೂ ಬೆರಳಿನಿಂದ ಮುಟ್ಟಿ ನೋಡಿ, ಮೇಲೆ ಬಂದು ಚೀಲ ಕೆಳಗಿಟ್ಟರು.